ಗಿಣಿ ಸುಮ್ಮನಿರುವಾಗ

ಗಂಗರತ್ನ,

ರೇಷ್ಮೆ ಗೂಡು ಮಾರಲು ಹೊರಟಿದ್ದೇನೆ. ಇದ್ದಿಲು ಉರಿಸಿ ಓಡಿಸುವ ಈ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲದಿದ್ದರೆ ಗುರುವಾರ ಬರುತ್ತೇನೆ. ಅಲ್ಲಿಯವರೆಗೆ ಗಿಣಿಯನ್ನು ನೋಡಿಕೊಳ್ಳುವವಳು ನೀನು, ನಿಮ್ಮಮ್ಮ ಅಲ್ಲ.

ಅದು ಎದೆಯ ಗರಿಯನ್ನೆಲ್ಲ ಕಿತ್ತುಕೊಂಡಿದೆ. ನಿಮ್ಮಮ್ಮ ಹರಳೆಣ್ಣೆ ಹಚ್ಚಲು ಬಂದರೆ ಬಿಡಬೇಡ. ದನದ ಡಾಕ್ಟರು ನೋಡಿ, ರೋಗವೇನಿಲ್ಲ, ಬೇಸರ ಅಂದರು. ಹುಳುವಿಗೆ ಹೊತ್ತುಹೊತ್ತಿಗೂ ಸೊಪ್ಪು ಹಾಕಿದೆವು. ಎದುರಿಗೇ ತೂಗುತ್ತಿದ್ದ ಪಂಜರದ ಕಡೆ ಯಾರೂ ತಿರುಗಿ ನೋಡಲಿಲ್ಲ. ದಿನಾ ನಾಲ್ಕು ಹಸಿ ಹಿಪ್ಪುನೇರಳೆ ಕಡ್ಡಿ ಒಳಗಿಡು. ಗರಿ ಬಿಟ್ಟು ಅದನ್ನು ಸಿಗಿಯಲಿ.

ಕಿರುಚಿದರೆ ಅದರ ಹತ್ತಿರ ಓಡಬೇಡ, ಬೈಯಲೂ ಬೇಡ. "ಅಯ್ಯೋ, ಕಿವಿ ತೂತು ಬೀಳ್ತೈತೆ, ಒಂದು ಸೀಬೆಹಣ್ಣು ಕೊಡ್ರೀ ಅದಕ್ಕೆ" ಅಂತ ನಿಮ್ಮಮ್ಮ ಕೂಗಿದಾಗಲೆಲ್ಲ ನಾನೇ ಕೊಟ್ಟಿದ್ದೇನೆ. ಅದು ಕಿರುಚುವುದನ್ನು ಕಲಿತದ್ದು ಹಾಗೆ. ಸುಮ್ಮನಿರುವಾಗ ಹತ್ತಿರ ಹೋಗಿ ಮಾತಾಡಿಸಬೇಕಂತೆ. ಡಾಕ್ಟರು ಇದನ್ನು ಎರಡು ಸಲ ಹೇಳಿದರು.

ಬಸ್ಸಿಗೆ ಇನ್ನೂ ಹೊತ್ತಿದೆ, ಇದನ್ನೂ ಬರೆದುಬಿಡುತ್ತೇನೆ. ನೀನು ಗಂಡನ ಮನೆಯಿಂದ ಒಬ್ಬಳೇ ಬಂದು ಇಪ್ಪತ್ತು ದಿನವಾಯಿತು. ಅಳಲಿಲ್ಲ, ಕೂಗಾಡಲಿಲ್ಲ. ಬಂದವಳೇ ಸೊಪ್ಪು ಬಿಡಿಸಲು ಕೂತೆ. ಅದಕ್ಕೇ ನಾವು ಯಾರೂ ಏನೂ ಕೇಳಲಿಲ್ಲ.

ಗುರುವಾರ ಬಂದು ಕೇಳುತ್ತೇನೆ.

ಅಷ್ಟರಲ್ಲಿ ಬೈರಕೂರಿನಿಂದ ನಿನ್ನ ಗಂಡನ ಮನೆಯವರು ಕರೆದೊಯ್ಯಲು ಬಂದರೆ ನೀರು, ಮಜ್ಜಿಗೆ ಕೊಡು. ಅಪ್ಪ ಊರಲ್ಲಿಲ್ಲ ಅನ್ನು. ಗಾಡಿ ಹತ್ತಬೇಡ.

ಅಪ್ಪ