ಬೇಡವೆಂದವಳ ಪರವಾಗಿ

ನನ್ನ ಹಟಮಾರಿ ಅಕ್ಕನಿಗೆ,

ಫೋನ್ ಎತ್ತುವುದನ್ನೇ ಬಿಟ್ಟಿದ್ದೀಯ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮೇಲೆ ಸಿಟ್ಟೋ ಹೆಮ್ಮೆಯೋ, ನನಗೇ ಗೊತ್ತಾಗುತ್ತಿಲ್ಲ.

ನಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಚಿಕ್ಕಮ್ಮನ ಕೈ ಇಸ್ತ್ರಿ ಯಂತ್ರಕ್ಕೆ ಸಿಕ್ಕಿ ಸುಟ್ಟಿತು. ಅವಳು ಯಾರ ಚಿಕ್ಕಮ್ಮನೂ ಅಲ್ಲ, ಆದರೂ ಎಲ್ಲರಿಗೂ ಚಿಕ್ಕಮ್ಮನೇ. ಯಂತ್ರ ಸರಿಯಾಗುವವರೆಗೆ ಕೆಲಸ ಮುಟ್ಟುವುದಿಲ್ಲವೆಂದು ನಾವೆಲ್ಲ ಹೊರಬಂದೆವು. ನೀನೊಬ್ಬಳು ಒಳಗೇ ಉಳಿದುಬಿಟ್ಟೆ. "ಆಪರೇಷನ್ ಆದವ್ರನ್ನ ಕೊಳಕು ಹಾಸಿಗೆ ಮೇಲೆ ಮಲಗಿಸೋದಾ? ನೀವು ನಿಲ್ಸಿ, ನಾನು ಅಡ್ಡ ಬರಲ್ಲ. ನನ್ನನ್ನ ಮಾತ್ರ ಎಳೀಬೇಡಿ," ಅಂದಿದ್ದೆ ನೀನು. ನಮ್ಮ ಕೆಲಸಗಾರರ ಸಂಘದವರು ನಿನ್ನ ಜೊತೆ ಮಾತು ಬಿಟ್ಟರು. ನಾನು ಬಿಡಲಿಲ್ಲ, ಆದರೆ ಆಡಿದ ಮಾತೆಲ್ಲ ಜಗಳವೇ ಆಯಿತು.

ಗುಂಪಿಗೆ ಸೇರದವಳು ತನ್ನ ಕಡೆಯವಳೇ ಎಂದುಕೊಂಡ ಮ್ಯಾನೇಜರ್, ತಪ್ಪು ಚಿಕ್ಕಮ್ಮನದೇ ಎಂದು ನಿನ್ನ ಬಾಯಲ್ಲಿ ಹೇಳಿಸಲು ನೋಡಿದ. ನೀನೋ ತನಿಖೆಗೆ ಬಂದವರ ಮುಂದೆಯೇ, "ಯಂತ್ರ ಕೆಟ್ಟಿದೆ ಸಾರ್. ಎಷ್ಟೋ ಸಲ ಹೇಳಿದ್ವಿ," ಎಂದುಬಿಟ್ಟೆ. ಯಂತ್ರ ರಿಪೇರಿಯಾಯಿತು. ನಿನ್ನನ್ನು ಕೆಲಸದಿಂದ ತೆಗೆದರು.

ನಿನಗಾಗಿ ನಾವು ಮತ್ತೆ ಹೊರಬಂದೆವು. ಆಗ ನೀನು ಗೇಟಿನವರೆಗೂ ಬಂದು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನನ್ನ ಹೆಸರಲ್ಲಿ ಯಾರೂ ನಿಲ್ಬೇಡಿ. ನಾನು ಯಾರ ಪರಾನೂ ಹೇಳ್ಲಿಲ್ಲ, ಇದ್ದಿದ್ದು ಹೇಳ್ದೆ." ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು ಚಿಕ್ಕಮ್ಮ, "ನಿನ್ನನ್ನ ಕೇಳಿದ್ಯಾರೇ? ನಿಲ್ಲೋದು ನಮ್ಮಿಷ್ಟ," ಎಂದಳು. ಎಲ್ಲರೂ ನಕ್ಕರು. ನೀನು ನಗಲಿಲ್ಲ.

ಇಬ್ಬರದೂ ಸರಿಯೆನ್ನಿಸಿ ನಾನು ನಡುವೆ ಸಿಕ್ಕಿಬಿದ್ದೆ. ಬೇಡವೆನ್ನುವುದು ನಿನ್ನ ಹಕ್ಕು, ಒಪ್ಪಿದೆ. ಹಾಗಂತ ನಿನ್ನೊಬ್ಬಳನ್ನೇ ಹೊರಗೆ ಬಿಟ್ಟು ಒಳಗೆ ಹೋಗಲು ನನಗೆ ಮನಸ್ಸಾದರೂ ಹೇಗೆ ಬರಬೇಕು?

ಕೊನೆಗೆ ಆಸ್ಪತ್ರೆಯವರು ಬಗ್ಗಿದರು. ನಿನ್ನ ಕೆಲಸ ನಿನಗೆ ವಾಪಸ್ ಎಂದರು. ನೀನು ಬರಲಿಲ್ಲ. ಬಾ ಎಂದು ಕಾಡಲೋ, ನಿನ್ನ ಪಾಡಿಗೆ ಬಿಡಲೋ? ಬಿಟ್ಟರೆ ಅದು ಗೌರವವೋ, ಕೈಬಿಟ್ಟಂತೆಯೋ? ಯೋಚಿಸಿ ಯೋಚಿಸಿ ತಲೆ ಮೊಸರು ಗಡಿಗೆಯಾಗಿದೆ.

ದೊಡ್ಡ ಚಾದರ ಮಡಿಸಲು ಇಬ್ಬರು ಬೇಕಲ್ಲ. ನಿನ್ನ ತುದಿ ಹಿಡಿಯಲು ಇವತ್ತು ಹೊಸಬಳೊಬ್ಬಳು ಬಂದಳು. ಚಿಕ್ಕಮ್ಮ ಅವಳನ್ನು ಬೇರೆ ಮೇಜಿಗೆ ಕಳಿಸಿದಳು. ನಾನು ಆ ತುದಿಯನ್ನು ಮೇಜಿನಂಚಿಗೆ ಸಿಕ್ಕಿಸಿಕೊಂಡು ಒಬ್ಬಳೇ ಸೊಟ್ಟಸೊಟ್ಟಗೆ ಮಡಿಸುತ್ತಿದ್ದೇನೆ. ಇದನ್ನೂ ನಿನ್ನನ್ನು ಕೇಳಿ ಮಾಡಿದ್ದಲ್ಲ.

ನಿನ್ನ ಹಟವೂ ಗಟ್ಟಿಯಾಗಿರಲಿ, ನೀನೂ ಗಟ್ಟಿಯಾಗಿರು.

ಏನೂ ತೋಚದ,
ನಿನ್ನ ತಂಗಿ