ಮಗಳ ಮದುವೆಗೆ ಬಂದ ಹಾಡು

ಕೋಟೆ ರಸ್ತೆ, ಶಿವಮೊಗ್ಗ
೨೦ ಫೆಬ್ರವರಿ ೨೦೨೫

ತನುಜಾಳ ಅಪ್ಪನಿಗೆ,

ದಾಕ್ಷಾಯಣಿಯ ನಮಸ್ಕಾರ. ಮೊನ್ನೆ ನೀವು ಫೋನಿನಲ್ಲಿ ಕೇಳಿದ ಮಾತಿಗೆ ಉತ್ತರ ಕೊಡದೆ ಇಟ್ಟುಬಿಟ್ಟೆ. ನಿಮ್ಮೊಂದಿಗೆ ಮಾತಾಡಲು ಹೋದರೆ ನನಗೆ ಅಳು ಬರುತ್ತದೆ. ನಾನು ಅತ್ತರೆ ನೀವು ಫೋನನ್ನು ಪಕ್ಕದಲ್ಲಿದ್ದವರಿಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಮದುವೆ ಚೆನ್ನಾಗಿ ಆಯಿತು. ಗಂಡಿನ ಕಡೆಯವರಿಗೂ ನಮಗೂ ಹತ್ತಿರವಾಗಲಿ ಎಂದು ಮಲವಗೊಪ್ಪದಲ್ಲೇ ಛತ್ರ ಹಿಡಿದಿದ್ದೆವು. ನೀವು ಬರುವುದಿಲ್ಲ ಎಂಬ ಸುದ್ದಿ ಬಂದಾಗ ತನುಜಾ ಜಡೆಗೆ ಹೂವು ಕಟ್ಟಿಸಿಕೊಳ್ಳುತ್ತಿದ್ದಳು. ಸಿನಿಮಾ ಬಿಡುಗಡೆ ಹತ್ತಿರ ಬಂದಿದೆಯಂತೆ, ಹಿನ್ನೆಲೆ ಸಂಗೀತ ಮುಗಿದಿಲ್ಲವಂತೆ, ಮಗಳಿಗಾಗಿ ಒಂದು ಹಾಡು ಮಾಡಿ ಕಳಿಸಿದ್ದಾರೆ ಎಂದು ನನ್ನಣ್ಣ ಬಂದು ಹೇಳಿದ. ಅಪ್ಪನಿಗೆ ಕೆಲಸ ಇದೆಯಂತೆ ಎಂದಷ್ಟೇ ಅವಳಿಗೆ ಸನ್ನೆಯಲ್ಲಿ ಹೇಳಿದೆ. ಹುಟ್ಟಿದಾಗಿನಿಂದ ಒಂದು ಸದ್ದೂ ಕೇಳದ ಮಗಳಿಗೆ ಅಪ್ಪ ಹಾಡು ಕಳಿಸಿದ್ದಾನೆ ಎಂದು ಯಾವ ಕೈಯಿಂದ ಹೇಳಲಿ?

ನಿಮ್ಮ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಿಮ್ಮ ಕೆಲಸವನ್ನು ನಾನು ಎಂದೂ ಹಗುರವಾಗಿ ಕಂಡವಳಲ್ಲ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಗಣಪತಿ ಪೆಂಡಾಲುಗಳಲ್ಲಿ ಕೀಬೋರ್ಡ್ ನುಡಿಸುತ್ತಾ, ಒಂದು ಬೀದಿಯಲ್ಲಿ ತಮಿಳು ಹಾಡು, ಪಕ್ಕದ ಬೀದಿಯಲ್ಲಿ ತೆಲುಗು ಹಾಡು ನುಡಿಸಿ ಎರಡೂ ಕಡೆ ಊಟ ಮಾಡಿ ಬರುತ್ತಿದ್ದ ಹುಡುಗನನ್ನೇ ನಾನು ಇಷ್ಟಪಟ್ಟು ಮದುವೆಯಾದದ್ದು. ಸಿನಿಮಾ ಹಾಡಿಗೆ ಎಲ್ಲರೂ ಸಾಲು ಸಾಲು ಪಿಟೀಲು ಕೂರಿಸುತ್ತಿದ್ದ ಕಾಲದಲ್ಲಿ ಆ ಹುಡುಗ ಒಂದೇ ಕೊಳಲು ಇಟ್ಟು, ಸಾಲಿಗೂ ಸಾಲಿಗೂ ನಡುವೆ ಜಾಗ ಬಿಟ್ಟು ಹಾಡು ಮಾಡಿದ. ಈಗ ಬರುವ ಸಂಗೀತ ನಿರ್ದೇಶಕರೆಲ್ಲ ಅದನ್ನೇ ಮಾಡುತ್ತಾರೆ. ಪ್ರಸನ್ನಕುಮಾರ್ ನಮ್ಮ ಸಿನಿಮಾಕ್ಕೆ ಮೌನ ಕಲಿಸಿದರು ಎಂದು ಟಿವಿಯಲ್ಲಿ ಒಬ್ಬರು ಹೇಳಿದರು. ಅದನ್ನು ತನುಜಾಳಿಗೆ ಹೇಳಿದೆ. ಅವಳು ಬಹಳ ಹೊತ್ತು ನಕ್ಕಳು.

ಹೋದ ವರ್ಷ ನಿಮ್ಮ ಸಂಗೀತ ಸಂಜೆಗೆ ಊರ ತುಂಬ ನಿಂತಿದ್ದ ಫ್ಲೆಕ್ಸ್‌ಗಳು ಅವಳು ಕೆಲಸ ಮಾಡುವ ಅಂಗಡಿಯಲ್ಲೇ ತಯಾರಾದವು. ಫೋಟೋದಲ್ಲಿ ನಿಮ್ಮ ಬಿಳಿ ಕೂದಲನ್ನು ಕಂಪ್ಯೂಟರಿನಲ್ಲಿ ಕಪ್ಪು ಮಾಡಿದವಳು ಅವಳೇ. ಕಾರ್ಯಕ್ರಮ ಮುಗಿಸಿ ನೀವು ಮನೆಗೆ ಬರಬಹುದೆಂದು ಅವಳು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಈ ವಿಷಯ ನಿಮಗೆ ಹೇಳಿರಲಿಲ್ಲ.

ಭಾನುವಾರ ಧಾರೆಗೆ ಅಣ್ಣ ಅತ್ತಿಗೆ ನಿಂತರು. ಊಟದ ಹೊತ್ತಿಗೆ ಅಣ್ಣ ತನ್ನ ಮೊಬೈಲನ್ನು ಸ್ಪೀಕರಿಗೆ ಹಾಕಿ ನಿಮ್ಮ ಹಾಡು ಬಿಟ್ಟ. ಎರಡನೆಯ ಸಾಲಿಗೆ ಇಡೀ ಛತ್ರ ನಿಶ್ಶಬ್ದವಾಯಿತು. ಸಾರು ಬಡಿಸುತ್ತಿದ್ದವರು ಬಕೆಟ್ಟು ಹಿಡಿದು ಹಾಗೇ ನಿಂತರು. ಅಣ್ಣ ಕಣ್ಣೊರೆಸಿಕೊಳ್ಳುತ್ತಾ, "ಎಂಥ ಹಾಡು ಮಾಡಿದಾನೆ ನೋಡೇ ಮಾರಾಯ್ತಿ! ಎಷ್ಟು ಬೈಕೊಂಡ್ರೂ ಅವನ ಹಾಡು ಕೇಳಿದ್ರೆ ಕರುಳು ಕಿತ್ ಬರುತ್ತೆ" ಅಂದ. ಬೀಗಿತ್ತಿ ಸುವರ್ಣಮ್ಮ ನನ್ನ ಕೈ ಹಿಡಿದು, "ಇಷ್ಟು ಪ್ರೀತಿ ಇಟ್ಕೊಂಡೋರು ಒಂದ್ ಗಳಿಗೆ ಬಂದ್ ಹೋಗ್ಬಾರ್ದಿತ್ತಾ ಅಕ್ಕಾ?" ಎಂದು ಕೇಳಿದರು.

ಅಳಿಯ ಪುನೀತ ಮತ್ತು ಅವನ ಗೆಳೆಯರು, ಎಲ್ಲರೂ ನಮ್ಮ ಹುಡುಗಿಯ ಹಾಗೇ ಕಿವಿ ಕೇಳದವರು, ಒಂದು ಪಂಕ್ತಿ ಪೂರ್ತಿ ಕೂತು ಕೈಯಲ್ಲೇ ಹರಟೆ ಹೊಡೆಯುತ್ತಾ ನಗುತ್ತಿದ್ದರು. ಸುತ್ತಲಿನವರು ಅಳುವುದನ್ನು ಕಂಡು ಅವರ ನಗು ನಿಂತಿತು. ತನುಜಾ ಎಲೆಯ ಮುಂದಿನಿಂದ ಎದ್ದು ನನ್ನ ಹತ್ತಿರ ಓಡಿ ಬಂದಳು. ಏನಾಯಿತು, ಅಪ್ಪ ಹೋಗಿಬಿಟ್ಟರಾ, ಅದಕ್ಕೇ ಬರಲಿಲ್ಲವಾ ಎಂದು ಕೇಳಿದಳು.

ಆಮೇಲೆ ಹೇಳದೆ ವಿಧಿಯಿರಲಿಲ್ಲ. ಅಪ್ಪ ಚೆನ್ನಾಗಿದ್ದಾರೆ, ಇದು ಅಪ್ಪ ನಿನಗಾಗಿ ಮಾಡಿದ ಹಾಡು ಅಂದೆ. ಅದರಲ್ಲಿ ಏನಿದೆ ಎಂದು ಕೇಳಿದಳು. ಅಣ್ಣನಿಗೆ ಹೇಳಿ ಮತ್ತೆ ಮೊದಲಿಂದ ಹಾಕಿಸಿದೆ. ಅಷ್ಟು ಜನರ ನಡುವೆ ನಿಂತು, ನಿಮ್ಮ ಒಂದೊಂದು ಸಾಲನ್ನೂ ಕೈಯಲ್ಲಿ ಹೇಳಿದೆ. ಪುಟ್ಟ ಬೆರಳು ಹಿಡಿದು ಸಕ್ರೆಬೈಲಿಗೆ ಕರೆದುಕೊಂಡು ಹೋದದ್ದು, ಆನೆಯ ಸ್ನಾನ ನೋಡುತ್ತಾ ಅವಳು ನಿಮ್ಮ ಹೆಗಲ ಮೇಲೆ ನಿದ್ದೆ ಹೋದದ್ದು, ಆ ಭಾರ ಇನ್ನೂ ಹೆಗಲಿನಲ್ಲಿದೆ ಎಂದು ನೀವು ಹಾಡಿದ್ದು. ಎಲ್ಲವನ್ನೂ ಹೇಳಿದೆ.

ತನುಜಾ ಕಣ್ಣು ಮಿಟುಕಿಸದೆ ನೋಡಿದಳು. ಮುಗಿದ ಮೇಲೆ ಮೆಲ್ಲಗೆ ಕೈಯಾಡಿಸಿದಳು: ಅವತ್ತು ಅಪ್ಪ ಬಂದಿರಲಿಲ್ಲ. ಎತ್ತಿಕೊಂಡಿದ್ದು ಮಾವ.

ನಿಜ. ಅವತ್ತು ನೀವು ಚೆನ್ನೈನಲ್ಲಿ ರೆಕಾರ್ಡಿಂಗಿನಲ್ಲಿದ್ದಿರಿ. ಸಂಜೆ ನಾನೇ ಫೋನಿನಲ್ಲಿ ಆನೆಯ ಕಥೆ, ಹೆಗಲಿನ ಕಥೆ ಎಲ್ಲ ಹೇಳಿದ್ದೆ. ನೀವು ಬೇಕೆಂದು ಸುಳ್ಳು ಹಾಡಿದ್ದೀರಿ ಎಂದು ನಾನು ಹೇಳುತ್ತಿಲ್ಲ. ನಾನು ಹೇಳಿದ್ದನ್ನೇ ಇಷ್ಟು ವರ್ಷ ನೆನೆದೂ ನೆನೆದೂ ನೀವೇ ಅಲ್ಲಿದ್ದಿರಿ ಎಂದು ನಂಬಿದ್ದೀರೇನೋ. ಅದು ಹೊಳೆದ ಕ್ಷಣ ನನಗೆ ಅವಳಿಗಿಂತ ನಿಮ್ಮನ್ನು ನೆನೆದೇ ಹೆಚ್ಚು ಅಳು ಬಂತು. ಅವಳಿಗಾದರೂ ಎತ್ತಿಕೊಂಡವರೊಬ್ಬರಿದ್ದರು.

ಈಗ ನೀವು ಕೇಳಿದ ಮಾತಿಗೆ ಬರುತ್ತೇನೆ. ನಿರ್ಮಾಪಕರಿಗೆ ಈ ಹಾಡು ಬಹಳ ಹಿಡಿಸಿದೆ, ಹೊಸ ಸಿನಿಮಾದಲ್ಲಿ ಹಾಕುತ್ತಾರೆ, ಜೊತೆಗೆ ಮಗಳ ಮದುವೆಯ ವಿಡಿಯೋ ತುಣುಕೂ ಬೇಕು ಅಂದಿರಿ. ನನಗೆ ಮೈಯೆಲ್ಲ ಉರಿಯಿತು. ಆದರೆ ಹಾಡು ಅವಳದು, ಬೇಡ ಎನ್ನಲು ನಾನು ಯಾರು? ನಿನ್ನೆ ಭದ್ರಾವತಿಯ ಹಳೇನಗರಕ್ಕೆ, ಅವಳ ಮನೆಗೇ ಹೋಗಿ ಕೇಳಿದೆ. ಪುನೀತ ಆಗಷ್ಟೇ ಲೇತ್ ಅಂಗಡಿಯಿಂದ ಬಂದು ಕೈ ತೊಳೆಯುತ್ತಿದ್ದ. ಅವಳು ಅವನಿಗೂ ವಿಷಯ ತಿಳಿಸಿ, ಸ್ವಲ್ಪ ಯೋಚಿಸಿ ನನಗೆ ಹೇಳಿದಳು. ಅವಳು ಹೇಳಿದ ಹಾಗೇ ಬರೆಯುತ್ತೇನೆ: "ಅಪ್ಪ ಅದನ್ನು ಕಿವಿ ಇರುವವರಿಗೆ ಮಾಡಿದ್ದಾರೆ. ಅವರಿಗೇ ಕೊಡಲಿ. ನನ್ನ ಮುಖ ಬೇಡ."

ಆದ್ದರಿಂದ ಹಾಡು ಹಾಕಿಕೊಳ್ಳಿ. ವಿಡಿಯೋ ಕೊಡುವುದಿಲ್ಲ. ಹಾಡು ಖಂಡಿತ ಗೆಲ್ಲುತ್ತದೆ. ಎಲ್ಲರ ಮನೆಯ ಮದುವೆಯಲ್ಲೂ ಹಾಕುತ್ತಾರೆ, ಹೆಣ್ಣು ಹೆತ್ತವರೆಲ್ಲ ಅಳುತ್ತಾರೆ. ನಾನೂ ಎಲ್ಲಾದರೂ ಕೇಳಿದರೆ ಅಳುತ್ತೇನೆ, ಏಕೆಂದರೆ ಹಾಡು ನಿಜವಾಗಿಯೂ ಚೆನ್ನಾಗಿದೆ.

ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡಿ. ಬರಬೇಕು ಎನಿಸಿದರೆ ಸುಮ್ಮನೆ ಬನ್ನಿ, ಏನನ್ನೂ ತರಬೇಡಿ.

ಇಂತಿ,
ದಾಕ್ಷಾಯಣಿ

ತಾ.ಕ.: ಅವಳ ಭಾಷೆಯಲ್ಲಿ ಅಪ್ಪ ಅನ್ನುವುದು ಹೇಗೆ ಎಂದು ನೀವು ಒಮ್ಮೆ ಕೇಳಿದ್ದಿರಿ. ಮೀಸೆ ಎಳೆಯುವ ಸನ್ನೆ ತೋರಿಸಿದ್ದೆ. ಅದು ಎಲ್ಲರ ಅಪ್ಪಂದಿರಿಗೂ ಇರುವ ಸನ್ನೆ. ತನ್ನವರಿಗೆ ಮಾತ್ರ ಅವಳು ಬೇರೆ ಬೇರೆ ಹೆಸರಿಟ್ಟಿದ್ದಾಳೆ. ನನಗೆ ಗಲ್ಲದ ಮಚ್ಚೆ ಮುಟ್ಟಿ ತೋರಿಸುತ್ತಾಳೆ, ಮಾವನಿಗೆ ಕನ್ನಡಕ ಸರಿಮಾಡಿಕೊಂಡಂತೆ ಕೈ ಮಾಡುತ್ತಾಳೆ. ನಿಮ್ಮ ಹೆಸರು, ಮುಚ್ಚಿದ ತುಟಿಯ ಮೇಲೆ ಒಂದು ಬೆರಳು. ನೀವು ಹಾರ್ಮೋನಿಯಂ ಮುಂದೆ ಕೂತಾಗ ತನಗೇ ಗೊತ್ತಿಲ್ಲದೆ ಗದ್ದಲ ಮಾಡುತ್ತಿದ್ದ ಮಗುವಿನ ಕಡೆ ತಿರುಗಿ ನೀವು ಮಾಡುತ್ತಿದ್ದ ಸನ್ನೆ ಅದು. ಮೊನ್ನೆ ಛತ್ರದಲ್ಲಿ ಪುನೀತನ ಗೆಳೆಯರು ಇದು ಯಾರ ಹಾಡು ಎಂದು ಕೇಳಿದಾಗಲೂ ಅದನ್ನೇ ತೋರಿಸಿದಳು. ಅವರೂ ಒಬ್ಬರ ಮುಖ ಒಬ್ಬರು ನೋಡಿ, ತುಟಿಯ ಮೇಲೆ ಬೆರಳಿಟ್ಟು ನಿಮ್ಮ ಹೆಸರು ಹೇಳಿದರು.