ಅರ್ಧ ರೊಟ್ಟಿ

ಅಕ್ಕ,

ನೀ ಅಂಗನವಾಡಿ ಮುಗಿಸಿ ಬರೋದ್ರಾಗ ನಾ ಸಿಂಧನೂರ ದವಾಖಾನ್ಯಾಗ ಇರ್ತೀನಿ. ಬಾಜೂಮನಿ ಯಮನೂರಮ್ಮ ಜೊತಿಗೆ ಬರಾಕತ್ಯಾಳ. ಆಪರೇಷನ್ ನಾಳೆ.

ಹಟ್ಟಿ ಗಣ್ಯಾಗಿರೋ ನಮ್ಮನಿಯವರಿಗೆ ತಂತಿ ಕೊಡು. ಕೋಳಿ ಮುಚ್ಚೀನಿ, ಬಿಡಬ್ಯಾಡ, ನಾಯಿ ಅಡ್ಡಾಡಾಕತ್ತೈತಿ.

ಕೂಸು ಅಡ್ಡ ಐತಿ, ಕೊಯ್ದ ತಗೀಬೇಕು ಅಂತ ನರ್ಸಬಾಯಿ ನಿನಗ ತಿಂಗಳ ಹಿಂದನ ಹೇಳಿದ್ಳಂತ. ನಿನ್ನೆ ನನ್ನ ನೋಡಿ, "ಯಾಕ, ನಿಮ್ಮಕ್ಕ ಹೇಳಿಲ್ಲೇನು?" ಅಂದ್ಳು.

ಕೂಸು ಸಣ್ಣದಿದ್ರ ಸಲೀಸು ಹಡೀತಿ, ಕೊಯ್ಯೋ ಪ್ರಸಂಗ ಬರಂಗಿಲ್ಲ ಅಂತ ದಿನಾ ಅರ್ಧ ರೊಟ್ಟಿ ಹಾಕಿದಿ. ಕೊಯ್ತಾರನ್ನೋ ಹೆದರಿಕಿಗೆ ನಾನೂ ಬಾಯಿ ಕಟ್ಟಿದೆ. ಊರಾಗಿನ ಬಸುರೇರ್ನೆಲ್ಲ ಕರದು ಉಪ್ಪಿಟ್ಟು ಹಾಕಾಕಿ ನೀ! ಅರ್ಧ ರೊಟ್ಟಿಗೆ ಅಡ್ಡ ಕೂಸು ನೆಟ್ಟಗ ಆಗಂಗಿಲ್ಲ ಅಂತ ಗೊತ್ತಿದ್ದೂ ನನ್ನ ಹಸಿವು ನೋಡಿಕೋತ ಕುಂತಿ. ನಿನ್ನೆ ರಾತ್ರಿ ಕೇಳಿದ್ರ, ನಾ ಹೆದರ್ತೀನಂತ ಮುಚ್ಚಿಟ್ಟೆ ಅಂದಿ. ಇಷ್ಟು ದಿನ ನಾ ಒಬ್ಬಾಕಿನ ಹೆದರಿದ್ದೇನು ಕಡಿಮಿ ಆತು?

ಬುಟ್ಟ್ಯಾಗಿನ ನಾಲ್ಕೂ ರೊಟ್ಟಿ ತಿಂದೀನಿ, ನಿನ್ನ ಪಾಲಿಂದೂ. ನಿನಗ ಬೇಕಾದ್ರ ಮಾಡ್ಕೊ.

ಕೂಸಿಗೆ ಹಾಸಾಕ ಅವ್ವನ ಹಳೇ ಸೀರಿ ಟ್ರಂಕಿನ್ಯಾಗ ಐತಿ. ತಗೊಂಡು ನಾಳೆ ಮೊದಲ ಬಸ್ಸಿಗೆ ಬಾ. ನನ್ನ ಒಳಗ ಒಯ್ಯೋಕಿಂತ ಮೊದಲ ಬಾ. ಏನೂ ಆಗಂಗಿಲ್ಲ ಅಂತ ಮಾತ್ರ ಹೇಳಬ್ಯಾಡ, ನಿನ್ನ ಮಾತು ನಾ ಇನ್ನ ನಂಬಂಗಿಲ್ಲ. ಸುಮ್ನ ಕೈ ಹಿಡ್ಕೊಂಡು ಕುಂದ್ರು.

ಅಯ್ಯಮ್ಮ